ರೆಕ್ಕೆಯ ಕೆಳಗೊಂದು ಬಿಡಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನಲ್ಲಿ ವಿಟ್‌ಮನ್ ವಿಮಾನ ನಿಲ್ದಾಣವಿದೆ. ಜುಲೈ ಕೊನೆಯಲ್ಲಿ ಒಂದು ವಾರ ಅದು ಥೇಟ್ ಜಾತ್ರೆ ಬಯಲು. ಹುಲ್ಲಿನ ಮೇಲೆ ಸಾಲುಸಾಲಾಗಿ ಪುಟ್ಟ ವಿಮಾನಗಳು ನಿಂತಿರುತ್ತವೆ. ಪ್ರತಿಯೊಂದರ ಮಗ್ಗುಲಲ್ಲೂ ಟೆಂಟ್, ಮಡಚುವ ಕುರ್ಚಿ, ರೆಕ್ಕೆಯ ಊರುಗೋಲಿಗೆ ಕಟ್ಟಿ ಒಣಹಾಕಿದ ಟವೆಲು. ಹೀಗೆ ತಮ್ಮ ವಿಮಾನ ತಾವೇ ಹಾರಿಸಿಕೊಂಡು ಬಂದು ಸೇರುವ ಕೂಟಕ್ಕೆ ‘ಫ್ಲೈ-ಇನ್’ ಎನ್ನುತ್ತಾರೆ. ಆಶ್‌ಕಾಶ್‌ನ ‘ಏರ್‌ವೆಂಚರ್’ ಇವುಗಳಲ್ಲೆಲ್ಲ ಹೆಸರುವಾಸಿ. ಇಲ್ಲಿಗೆ ಮತ್ತು ಸುತ್ತಲಿನ ನಿಲ್ದಾಣಗಳಿಗೆ ಬಂದಿಳಿಯುವ ವಿಮಾನಗಳೇ ಸುಮಾರು ಹತ್ತು ಸಾವಿರ.

ನಡೆಸುವುದು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್. ಮನೆಯ ಶೆಡ್ಡಿನಲ್ಲೇ ವಿಮಾನ ಕಟ್ಟುವ ಹುಚ್ಚಿದ್ದವರನ್ನು ಕೂಡಿಸಿ ಪಾಲ್ ಪೊಬರೆಜ್ನಿ 1953ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟುಹಾಕಿದ ಸಂಘ ಇದು. ಕೂಟ ಕೆಲಕಾಲ ಇಲಿನಾಯ್‌ನ ರಾಕ್‌ಫರ್ಡ್‌ನಲ್ಲಿ ನಡೆದು, 1970ರಲ್ಲಿ ಆಶ್‌ಕಾಶ್‌ಗೆ ಬಂದು ನೆಲೆಯೂರಿತು.

ವಿಮಾನ ಇಟ್ಟುಕೊಂಡವರಿಗೆ ಹೋಟೆಲು ರೂಮಿಗೆ ಬಡತನವೇ ಎಂದು ಕೇಳಬಹುದು. ರೂಮು ಸಿಕ್ಕರೂ ಬೇಡ ಎನ್ನುವವರೇ ಇಲ್ಲಿ ಹೆಚ್ಚು. ಆದರೆ ಈ ಬಿಡಾರಕ್ಕೆ ಗಂಟು ಕಟ್ಟುವುದು ಕಾರಿನ ಡಿಕ್ಕಿ ತುಂಬಿದಷ್ಟು ಸಲೀಸಲ್ಲ. ಸೆಸ್ನಾ 150 ಎಂಬ ಎರಡು ಸೀಟಿನ ಹಳೆಯ ವಿಮಾನದ ಲೆಕ್ಕವನ್ನೇ ನೋಡಿ. ನೆಲ ಬಿಡುವಾಗ ಒಟ್ಟು ತೂಕ 726 ಕೆ.ಜಿ. ದಾಟಕೂಡದು. ಖಾಲಿ ವಿಮಾನವೇ ಸುಮಾರು 500 ಕೆ.ಜಿ. ಟ್ಯಾಂಕ್ ತುಂಬ ಪೆಟ್ರೋಲು ಹಾಕಿಸಿದರೆ ಇನ್ನೊಂದು 60. ಎಂಬತ್ತು ಕೆ.ಜಿ.ಯ ಇಬ್ಬರು ಕೂತರೆ 160. ಕೂಡಿ ಕಳೆದರೆ ಸಾಮಾನಿಗೆ ಉಳಿಯುವುದು ಐದಾರು ಕೆ.ಜಿ.! ಸೀಟಿನ ಹಿಂದಿನ ಜಾಗದಲ್ಲಿ 54 ಕೆ.ಜಿ.ವರೆಗೆ ಇಡಬಹುದೆಂದು ತಯಾರಕರೇನೋ ಹೇಳಿದ್ದಾರೆ. ಇಬ್ಬರು ಹೊರಟಾಗ ಆ ಮಾತು ಬರೀ ಬಾಯುಪಚಾರ.

ಹಾಗಾದರೆ ಏನು ಮಾಡುತ್ತಾರೆ? ಪೆಟ್ರೋಲು ಕಡಿಮೆ ತುಂಬಿಸಿ, ದಾರಿಯಲ್ಲಿ ಇಳಿದಿಳಿದು ಹಾಕಿಸಿಕೊಳ್ಳುತ್ತಾರೆ. ಈ ವಿಮಾನ ತಾಸಿಗೆ ಕುಡಿಯುವ ಪೆಟ್ರೋಲು ಸುಮಾರು 15 ಕೆ.ಜಿ. ತೂಗುತ್ತದೆ. ಅಂದರೆ 15 ಕೆ.ಜಿ. ಸಾಮಾನು ಹೇರಿದರೆ ಒಂದು ತಾಸಿನ ಹಾರಾಟವನ್ನು ನೆಲದಲ್ಲೇ ಬಿಟ್ಟಂತೆ. ಹಗುರವಾಗಿ ಬದುಕಿ ಎಂಬ ಉಪದೇಶ ಈಗ ಎಲ್ಲೆಡೆ ಪುಕ್ಕಟೆ ಸಿಗುತ್ತದೆ. ಇಲ್ಲಿ ಉಪದೇಶದ ಮಾತೇ ಇಲ್ಲ, ತಕ್ಕಡಿ ಹೇಳಿದ್ದನ್ನು ಕೇಳಬೇಕು. ಅನುಭವಸ್ಥರು ಟೆಂಟ್, ಮಲಗುವ ಚೀಲ, ಬಟ್ಟೆಗಂಟು ಎಲ್ಲವನ್ನೂ ಮನೆಯಲ್ಲೇ ತೂಗಿ ಚೀಟಿ ಅಂಟಿಸುತ್ತಾರೆ. ತಮ್ಮನ್ನೂ ಬೂಟು ಹಾಕಿಕೊಂಡೇ ತೂಗಿಕೊಳ್ಳುತ್ತಾರೆ.

ಭಾರ ಎಷ್ಟು ಎಂಬುದರಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಎಂಬುದು. ತೂಕದ್ದೆಲ್ಲ ಬಾಲದ ಕಡೆ ಸೇರಿದರೆ ವಿಮಾನ ಮೂಗೆತ್ತುತ್ತದೆ. ವೇಗ ಕುಸಿದು ರೆಕ್ಕೆಯ ಹಿಡಿತ ತಪ್ಪಿದಾಗ ಮೂಗನ್ನು ಮತ್ತೆ ತಗ್ಗಿಸುವುದು ಪೈಲಟ್ ಕೈಮೀರಬಹುದು. ಅದಕ್ಕೇ ಸುತ್ತಿಗೆ, ಗೂಟಗಳಂಥವನ್ನು ಆದಷ್ಟು ಮುಂದಕ್ಕೆ, ಹತ್ತಿಯಂಥ ಹಗುರ ಸಾಮಾನನ್ನು ಹಿಂದಕ್ಕೆ ಇಟ್ಟು, ಮೇಲೆ ಬಲೆ ಬಿಗಿಯುತ್ತಾರೆ. ಮೋಡದಡಿಯ ಕುಲುಕಾಟದಲ್ಲಿ ಸುತ್ತಿಗೆ ತಲೆಗೆ ಬಡಿಯಬಾರದಲ್ಲ.

ಇಷ್ಟೆಲ್ಲ ಜಿಪುಣತನದ ನಡುವೆಯೂ ಕೈಬಿಡಬಾರದ ಭಾರವೊಂದಿದೆ: ವಿಮಾನ ಕಟ್ಟುವ ಹಗ್ಗ ಮತ್ತು ಗೂಟ. ಬೀಸುವ ಗಾಳಿಗೆ ನಿಂತ ವಿಮಾನವೂ ಹಾರಲು ನೋಡುತ್ತದೆ, ರೆಕ್ಕೆ ಇರುವುದೇ ಅದಕ್ಕೆ. ಎರಡು ರೆಕ್ಕೆಗೆ ಒಂದೊಂದು, ಬಾಲಕ್ಕೊಂದು, ಹೀಗೆ ಮೂರು ಕಡೆ ಬಿಗಿಯಬೇಕು. ಹಗುರವೆಂದು ಕೆಲವರು ತಿರುಪಿನಂತೆ ನೆಲಕ್ಕೆ ತಿರುಗಿಸುವ ತೆಳು ಗೂಟ ತರುತ್ತಾರೆ. ಮಳೆ ಬಿದ್ದು ಮಣ್ಣು ಮೆತ್ತಗಾದರೆ ಅವು ಸಲೀಸಾಗಿ ಕಿತ್ತು ಬರುತ್ತವೆ. ಮೂರು ಮೊಳೆಗಳನ್ನು ಓರೆಯಾಗಿ, ಮೂರು ದಿಕ್ಕಿಗೆ ಹೊಡೆದು ಒಂದೇ ಬಳೆಗೆ ಜೋಡಿಸುವ ಬಗೆಯದು ಎಷ್ಟೋ ಭದ್ರ. 2011ರ ಮಾರ್ಚ್ 31ರಂದು ಫ್ಲಾರಿಡಾದ ಲೇಕ್‌ಲೆಂಡ್‌ನಲ್ಲಿ ‘ಸನ್ ಎನ್ ಫನ್’ ಎಂಬ ಇಂಥದೇ ಕೂಟಕ್ಕೆ ಸುಂಟರಗಾಳಿ ಬಡಿದು ಹತ್ತಾರು ವಿಮಾನಗಳು ಮಗುಚಿಕೊಂಡವು, ಒಂದರ ಮೇಲೊಂದು ಬಿದ್ದವು. ಗೂಟದಲ್ಲಿ ಅರ್ಧ ಕೆ.ಜಿ. ಉಳಿಸುವವರನ್ನು ಬುದ್ಧಿವಂತರೆಂದು ನಾನಂತೂ ಕರೆಯಲಾರೆ.

ಟೆಂಟ್ ಹೂಡುವುದಕ್ಕೂ ಲೆಕ್ಕಾಚಾರವಿದೆ. ಸೆಸ್ನಾದಂಥ ವಿಮಾನಗಳ ರೆಕ್ಕೆ ತಲೆಯ ಮೇಲಿರುತ್ತದೆ, ನೆರಳು ಉಚಿತ. ಆದರೆ ಟ್ಯಾಂಕ್ ಇರುವುದೂ ಆ ರೆಕ್ಕೆಯೊಳಗೇ. ಎಡರೆಕ್ಕೆಯ ಅಡಿಯಲ್ಲಿ, ಊರುಗೋಲಿನ ಹತ್ತಿರ, ಬೆರಳುಗಾತ್ರದ ಒಂದು ಗಾಳಿಕೊಳವೆ ಇಣುಕುತ್ತಿರುತ್ತದೆ. ತುಂಬಿದ ಟ್ಯಾಂಕು ಬಿಸಿಲಿಗೆ ಕಾದರೆ ಪೆಟ್ರೋಲು ಹಿಗ್ಗಿ ಅದರಿಂದ ತೊಟ್ಟಿಕ್ಕುತ್ತದೆ. ಗೊತ್ತಿದ್ದವರು ಅದರ ಕೆಳಗೆ ಹಾಸಿಗೆ ಹಾಸುವುದಿಲ್ಲ, ಒಲೆಯನ್ನಂತೂ ಹಚ್ಚುವುದೇ ಇಲ್ಲ. ರೆಕ್ಕೆ ಕೆಳಗಿರುವ ಪೈಪರ್ ಚೆರೋಕಿಯಂಥ ವಿಮಾನದವರಿಗೆ ಈ ನೆರಳಿನ ಭಾಗ್ಯವಿಲ್ಲ. ಅವರು ರೆಕ್ಕೆಯನ್ನೇ ಮೇಜು ಮಾಡಿಕೊಂಡು ಸಮಾಧಾನಪಡುತ್ತಾರೆ.

ಅಡುಗೆ ಪಾತ್ರೆ, ಐಸ್ ಪೆಟ್ಟಿಗೆ, ನೀರಿನ ಕ್ಯಾನು ಮನೆಯಲ್ಲೇ ಉಳಿಯಲಿ. ಲೀಟರು ನೀರು ಒಂದು ಕೆ.ಜಿ.; ಹಾರುವಾಗ ಕುಡಿಯುವಷ್ಟಿದ್ದರೆ ಸಾಕು, ಬಯಲಿನಲ್ಲಿ ನಲ್ಲಿಯಿದೆ, ಸ್ನಾನದ ಮನೆಯಿದೆ, ಊಟದಂಗಡಿಗಳಿವೆ. ರಾತ್ರಿ ಚಳಿಗೊಂದು ಸ್ವೆಟರ್, ಮಳೆಗೊಂದು ಕೋಟು, ಸೊಳ್ಳೆಗೆ ಮುಲಾಮು ಮಾತ್ರ ಬೇಕೇ ಬೇಕು. 2010ರಲ್ಲಿ ಸುರಿದ ಮಳೆಗೆ ಹುಲ್ಲುಗಾವಲೇ ಕೆಸರುಗದ್ದೆಯಾಗಿ, ಬಂದ ವಿಮಾನಗಳನ್ನು ಅಕ್ಕಪಕ್ಕದ ಊರುಗಳಿಗೆ ಅಟ್ಟಬೇಕಾಯಿತು.

ತೂಕವೇ ಇಲ್ಲದ ಅಗತ್ಯದ ವಸ್ತುವೆಂದರೆ ಒಂದು ಹಾಳೆ. ಅದರ ಮೇಲೆ ದಪ್ಪಕ್ಷರದಲ್ಲಿ ‘ಜಿಎಸಿ’ ಎಂದು ಬರೆದು, ಇಳಿದ ಮೇಲೆ ಗಾಜಿನಲ್ಲಿ ಹಿಡಿದರೆ ‘ನಾವು ಬಿಡಾರ ಹೂಡುವವರು’ ಎಂದರ್ಥ. ಸ್ವಯಂಸೇವಕರು ಆ ಸಾಲಿಗೆ ಕೈತೋರಿಸುತ್ತಾರೆ. ಅಲ್ಲಿಯವರೆಗಿನ ದಾರಿಯೂ ಸೊಗಸಾಗಿದೆ. ರಿಪನ್ ಊರಿನಿಂದ ಫಿಸ್ಕ್‌ವರೆಗೆ ರೈಲು ಹಳಿಯ ಮೇಲೆ, ಒಂದರ ಹಿಂದೊಂದು, 90 ನಾಟ್ ವೇಗದಲ್ಲಿ ಬರಬೇಕು. ಫಿಸ್ಕ್‌ನಲ್ಲಿ ನೆಲದ ಮೇಲೆ ಕೂತ ನಿಯಂತ್ರಕರು ದುರ್ಬೀನಿನಲ್ಲಿ ನೋಡಿ ಬಣ್ಣದಿಂದಲೇ ಕರೆಯುತ್ತಾರೆ. ಪೈಲಟ್ ರೇಡಿಯೊದಲ್ಲಿ ತುಟಿಪಿಟಕ್ಕೆನ್ನದೆ, ರೆಕ್ಕೆ ಅಲುಗಾಡಿಸಿ ‘ಹೂಂ’ ಎನ್ನಬೇಕು. ಜಿಎಸಿ ಹಾಳೆ ಹುಡುಕಲು ಆಗ ಪುರಸೊತ್ತಿರುವುದಿಲ್ಲ.

ಹೊರಡುವ ದಿನ ಇನ್ನೊಂದು ಪರೀಕ್ಷೆ. ವಾರವಿಡೀ ಅಂಗಡಿ ಸುತ್ತಿ ಕೊಂಡ ಸ್ಪ್ಯಾನರು, ಬಿಡಿಭಾಗ, ಪುಸ್ತಕಗಳು ಸೇರಿ ಗಂಟು ಬೆಳೆದಿರುತ್ತದೆ, ಟೆಂಟ್ ಒದ್ದೆಯಾಗಿ ಇನ್ನಷ್ಟು ತೂಗುತ್ತದೆ. ಮಧ್ಯಾಹ್ನದ ಬಿಸಿಗಾಳಿಯಲ್ಲಿ ಎಂಜಿನ್ನೂ ರೆಕ್ಕೆಯೂ ಸೋಮಾರಿಗಳು. ಆದ್ದರಿಂದ ಜಾಣರು ಕೊಂಡದ್ದನ್ನು ಪಾರ್ಸೆಲ್ ಮಾಡಿ, ಬೆಳಗಿನ ತಂಪಿನಲ್ಲೇ ಹೊರಡುತ್ತಾರೆ.

ನಮ್ಮ ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ವಾಯುಪಡೆಯ ನೆಲೆಯೊಳಗಿನ ಪ್ರದರ್ಶನ. ಅಲ್ಲಿ ಗೂಟ ಹೊಡೆಯುವ ಪ್ರಶ್ನೆಯಿಲ್ಲ. ಆದರೆ ಮಕ್ಕಳ ಮನೆಗೆಂದು ಷಿಕಾಗೊ ಕಡೆ ಹೋಗುವ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲಿಂದ ಆಶ್‌ಕಾಶ್ ಕಾರಿನಲ್ಲಿ ಸುಮಾರು ಮೂರು ತಾಸು. ವಿಮಾನವಿಲ್ಲದವರಿಗೂ ಟಿಕೆಟ್ ಉಂಟು, ಕಾರಿನ ಪಕ್ಕ ಟೆಂಟ್ ಹಾಕಲು ಬೇರೆಯದೇ ಬಯಲುಂಟು. ಜುಲೈ ಕೊನೆಗೆ ಅಲ್ಲಿದ್ದರೆ ಹೋಗಿ ಬನ್ನಿ. ಬಿಡಾರಗಳ ಸಾಲಿನಲ್ಲಿ ಮಾಲೀಕರನ್ನು ಮಾತಾಡಿಸಿ, ಲಗೇಜು ಎಷ್ಟು ಕೆ.ಜಿ. ಎಂದು ಕೇಳಿ, ಕೇಳದೆ ಮಾತ್ರ ವಿಮಾನ ಮುಟ್ಟಬೇಡಿ.