ಮೊದಲ ಚಿತ್ರಕ್ಕೇ ರಾಷ್ಟ್ರಪ್ರಶಸ್ತಿ!

ಮೊನ್ನೆ ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಪಿಯುಸಿ ಓದುವ ಮಗಳು ಬಂದು, "ಅಮ್ಮಾ, ನಮ್ಮ ನಾಟಕದವರು ಸಿನಿಮಾ ಮಾಡ್ತಾರಂತೆ. ನನ್ನನ್ನೂ ಕರೆದಿದ್ದಾರೆ, ಹೋಗ್ಲಾ?" ಎಂದಳು. "ಹೊಸಬರಿಗೆ ಅಲ್ಲಿ ಯಾರೇ ಮಣೆ ಹಾಕ್ತಾರೆ?" ಎಂದು ಇವರು ಒಳಗಿನಿಂದಲೇ ಗೊಣಗಿದರು. ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿರಬಹುದು, ಅಲ್ಲವೇ?

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮೊದಲ ಚಿತ್ರ ತೆಗೆದ ನಿರ್ದೇಶಕರಿಗೆ ಬೇರೆಯೇ ಬಹುಮಾನವಿದೆ. ಬಾಲನಟರಿಗೂ ಇದೆ. ಹೊಸ ನಟಿಗೆಂದು ಮಾತ್ರ ಇಲ್ಲ. ಅವಳು ಹತ್ತಾರು ಚಿತ್ರಗಳಲ್ಲಿ ಪಳಗಿದವರ ಸಾಲಿನಲ್ಲೇ ನಿಲ್ಲಬೇಕು. ಹಾಗೆ ನಿಂತೂ ಗೆದ್ದವರಿದ್ದಾರೆ ನೋಡಿ.

1973ರ ನಮ್ಮ 'ಕಾಡು' ಚಿತ್ರವನ್ನೇ ತೆಗೆದುಕೊಳ್ಳಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ್ ಕಾರ್ನಾಡರ ನಿರ್ದೇಶನ. ರಾತ್ರಿಯಾದರೆ ಪಕ್ಕದೂರಿನವಳ ಮನೆಗೆ ಹೋಗುವ ಗಂಡ, ಮನೆಯಲ್ಲಿ ಬೇಯುವ ಹೆಂಡತಿ ಕಮಲಿ. ಆ ಕಮಲಿಯಾದ ನಂದಿನಿ ಭಕ್ತವತ್ಸಲ ಹೊಸ ಮುಖ. ಆ ವರ್ಷದ ಶ್ರೇಷ್ಠ ನಟಿ ಅವರೇ! ಕಿಟ್ಟಿಯಾಗಿದ್ದ ಹುಡುಗ ಜಿ.ಎಸ್. ನಟರಾಜನಿಗೆ ಶ್ರೇಷ್ಠ ಬಾಲನಟ ಪ್ರಶಸ್ತಿ.

ಇನ್ನೊಬ್ಬಳು ಮೋನಿಷಾ. ಮಲಯಾಳಿ ಹುಡುಗಿ, ಬೆಳೆದದ್ದು ನಮ್ಮ ಬೆಂಗಳೂರಿನಲ್ಲಿ. ತಾಯಿ ಶ್ರೀದೇವಿ ಉಣ್ಣಿ ನೃತ್ಯ ಕಲಾವಿದೆ, ಮಗಳಿಗೂ ಚಿಕ್ಕಂದಿನಿಂದಲೇ ನೃತ್ಯಾಭ್ಯಾಸ. 1986ರಲ್ಲಿ ಎಂ.ಟಿ. ವಾಸುದೇವನ್ ನಾಯರ್ ಬರೆದು, ಹರಿಹರನ್ ನಿರ್ದೇಶಿಸಿದ 'ನಖಕ್ಷತಂಗಳ್' ಚಿತ್ರದಲ್ಲಿ ಗೌರಿಯ ಪಾತ್ರ ಸಿಕ್ಕಿತು. ಆಗಿನ್ನೂ ಹದಿನೈದರ ವಯಸ್ಸು, ಹೆಚ್ಚುಕಡಿಮೆ ನನ್ನ ಮಗಳಷ್ಟೇ. ಆ ಪಾತ್ರಕ್ಕೇ ಶ್ರೇಷ್ಠ ನಟಿ ಪ್ರಶಸ್ತಿ. ಅದೇ ವರ್ಷ ನಮ್ಮ 'ತಬರನ ಕಥೆ'ಯ ಚಾರುಹಾಸನ್ ಶ್ರೇಷ್ಠ ನಟ. ಪಿಂಚಣಿಗೆ ಅಲೆದ ಮುದುಕನ ಪಾತ್ರ ಮಾಡಿದವರೂ, ಹಾಲುಗಲ್ಲದ ಹುಡುಗಿಯೂ ಒಂದೇ ಪಟ್ಟಿಯಲ್ಲಿ! ಆಮೇಲೆ ಮೋನಿಷಾ ಕನ್ನಡಕ್ಕೂ ಬಂದಳು, 'ಚಿರಂಜೀವಿ ಸುಧಾಕರ'ದಲ್ಲಿ ರಾಘವೇಂದ್ರ ರಾಜ್‌ಕುಮಾರ್ ಜೊತೆ.

ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. 1992ರ ಡಿಸೆಂಬರ್ 5ರಂದು ಕೇರಳದ ಚೇರ್ತಲದ ಬಳಿ ಕಾರು ಅಪಘಾತ. ಜೊತೆಯಲ್ಲಿದ್ದ ತಾಯಿ ಬದುಕುಳಿದರು, ಇಪ್ಪತ್ತೊಂದರ ಮಗಳು ಉಳಿಯಲಿಲ್ಲ. ಆ ತಾಯಿಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಆ ವಿಧಿಗೆ ಸಿನಿಮಾವನ್ನು ದೂರುವುದು ನನಗೆ ಸರಿಕಾಣದು. ರಸ್ತೆ ಎಲ್ಲರದೂ ತಾನೇ?

ಪ್ರಶಸ್ತಿ ನಮ್ಮ ಹುಡುಗಿಗೆ ಬರುತ್ತದೆ ಎಂದೇನೂ ನಾನು ಹೇಳುತ್ತಿಲ್ಲ ಕಣ್ರೀ. ಆದರೆ "ಹೊಸಬರಿಗೆ ಯಾರು ಮಣೆ ಹಾಕ್ತಾರೆ" ಎಂಬ ಮಾತಿಗೆ ಉತ್ತರ ಸಿಕ್ಕಿತಲ್ಲ! ರಾತ್ರಿ ಊಟ ಬಡಿಸುವಾಗ ಇವರಿಗೆ ಇದನ್ನೆಲ್ಲಾ ಹೇಳಿದೆ. ಹುಳಿ ಕಲಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಪರೀಕ್ಷೆ ಮುಗೀಲಿ. ನೀನೂ ಜೊತೆಗೆ ಹೋಗೋದಾದ್ರೆ ನೋಡೋಣ" ಎಂದರು.