ಹೊಳೆಬಾಗಿಲಿನಲ್ಲಿ ಈಗ ಬ್ರೇಕ್ ಹಾಕಬೇಕಿಲ್ಲ

ಸಾಗರದಿಂದ ಆವಿನಹಳ್ಳಿ ದಾರಿ ಹಿಡಿದು ಬಂದವರು ಹೊಳೆಬಾಗಿಲಿನಲ್ಲಿ ನಿಲ್ಲಲೇಬೇಕಿತ್ತು. ಶರಾವತಿ ಹಿನ್ನೀರಿನ ಅಂಚಿಗೆ ರಸ್ತೆಯೇ ಮುಗಿಯುತ್ತಿತ್ತು. ಆಚೆ ದಡದ ಸಿಗಂದೂರಿಗೆ ಹೊರಟ ಕಾರು, ಜೀಪುಗಳ ಸಾಲು ಬೇರೆ. ಒಬ್ಬನೇ ಓಮ್ನಿಯಲ್ಲಿ ಮಲೆನಾಡು ಸುತ್ತುವ ನನ್ನಂಥವನಿಗೆ ಆ ಕಾಯುವಿಕೆಯೇ ಒಂದು ಖುಷಿಯಾಗಿತ್ತು. ವಾಹನಗಳನ್ನು ಆಚೆ ದಾಟಿಸುವ ಲಾಂಚಿನವರು ಕೈಸನ್ನೆ ಮಾಡಿದಂತೆ ಗಾಡಿ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರೆ ಸುತ್ತಲೂ ನೀರು, ಆಚೆ ಕಾಡು.

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್. ಗೇರ್ ಬದಲಿಸುವಷ್ಟರಲ್ಲಿ ಆಚೆ ದಡ. ಲಾಂಚ್‌ನ ಮಜಾ ಹೋಯಿತೆಂದು ಪ್ರವಾಸಿಗರು ಕೊರಗುವುದನ್ನು ಕೇಳಿದ್ದೇನೆ. ಆ ದಡದ ತುಮರಿಯವರ ಎದುರು ಈ ಮಾತು ಆಡದಿರುವುದು ಒಳ್ಳೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಗದ್ದೆ, ತೋಟ, ಮನೆ ಮುಳುಗಿ, ಕರೂರು–ಬಾರಂಗಿ ಹೋಬಳಿಗಳ ಜನ ನಾಡಿಗೆ ಕರೆಂಟು ಕೊಟ್ಟು ತಾವು ದ್ವೀಪದವರಾದರು. ಸಂಜೆಯ ಕಡೇ ಲಾಂಚ್ ತಪ್ಪಿದ ಮೇಲೆ ಹೆರಿಗೆನೋವು ಬಂದರೆ ಕೋಗಾರು, ಕಾರ್ಗಲ್ ಸುತ್ತಿ ಸಾಗರದ ಆಸ್ಪತ್ರೆ ಸೇರಬೇಕಿತ್ತು. ಬೇಸಿಗೆಯಲ್ಲಿ ನೀರಿಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ಬಂದ್ ಆಗುತ್ತಿತ್ತು.

ನೀರು ತೀರಾ ತಗ್ಗಿದ ವರ್ಷ ಹಿನ್ನೀರಿನ ಇನ್ನೊಂದು ಕಡೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ತಲೆ ಎತ್ತುತ್ತದೆ. ಲಿಂಗನಮಕ್ಕಿಗೂ ಮೊದಲು ಜೋಗದ ವಿದ್ಯುತ್ತಿಗೆ ನೀರು ಹಿಡಿದಿದ್ದು ಅದೇ. ಅದರ ದುಂಡನೆಯ ಸೈಫನ್‌ಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ.

ಸಿಗಂದೂರು ದಾಟಿ ಕೊಲ್ಲೂರು–ನಗರ ರಸ್ತೆಗೆ ಸೇರಿದರೆ ಬಲಕ್ಕೆ ಕೊಲ್ಲೂರು, ಎಡಕ್ಕೆ ನಿಟ್ಟೂರು. ನನ್ನ ಓಟ ಎಡಕ್ಕೆ. ಕೊಡಚಾದ್ರಿಯ ನೆತ್ತಿ ಮಂಜಿನಲ್ಲಿದ್ದರೆ ಅದು ಸರಿಯಲೆಂದು ಕಾಯುವುದು ದಂಡ. ಹೊಸನಗರ ತಾಲ್ಲೂಕಿನ ನಗರದ ಕೋಟೆ ರಸ್ತೆ ಪಕ್ಕದಲ್ಲೇ ಇದೆ. 1763ರಲ್ಲಿ ಹೈದರಾಲಿ ಕೆಳದಿಯವರಿಂದ ಕಿತ್ತುಕೊಂಡ ಬಿದನೂರು ಇದೇ. ಅಲ್ಲಿಂದ ತೀರ್ಥಹಳ್ಳಿ ಕಡೆಗೆ ಹೊರಳಿದರೆ ಕವಲೇದುರ್ಗ. ಗದ್ದೆಯಂಚಿನಲ್ಲಿ ನಡೆದು ಹತ್ತಬೇಕು, ಮಳೆಗಾಲದಲ್ಲಿ ಜಿಗಣೆಗೆ ಉಪ್ಪು ಜೇಬಿನಲ್ಲಿರಲಿ.

ವ್ಯಾನಿನಲ್ಲೇ ಮಲಗುವ ಆಸೆಯುಳ್ಳವರು ಅಭಯಾರಣ್ಯದೊಳಗೆ ಆ ಸಾಹಸ ಮಾಡಬೇಡಿ. ಊರಿನಲ್ಲಿ ಯಾರದಾದರೂ ಅಂಗಳ ಕೇಳಿ ನಿಲ್ಲಿಸಿ. ಪೆಟ್ರೋಲ್ ಸಾಗರದಲ್ಲೇ ತುಂಬಿಸಿಕೊಳ್ಳಿ.