ನಿಮಗಿದು ಗೊತ್ತೇ? ಆಟೊಮ್ಯಾಟಿಕ್ ಕಾರಿನ ಕೆಂಪು ಎಣ್ಣೆ

ಸುಳ್ಯದಿಂದ ಸಂಪಾಜೆ ದಾಟಿ ಮಡಿಕೇರಿಗೆ, ಗುಂಡ್ಯದಿಂದ ಶಿರಾಡಿ ಹತ್ತಿ ಸಕಲೇಶಪುರಕ್ಕೆ, ಕುಲ್ಕುಂದದಿಂದ ಬಿಸಿಲೆಗೆ. ಪುತ್ತೂರು, ಸುಳ್ಯ, ಕಡಬದವರು ಬೆಂಗಳೂರಿಗೋ ಮೈಸೂರಿಗೋ ಹೊರಟರೆ ಘಟ್ಟ ಹತ್ತಲೇಬೇಕು. ಆಟೊಮ್ಯಾಟಿಕ್ ಕಾರಿನಲ್ಲಿ ಆ ಏರಿಗೆ ಗೇರ್‌ಬಾಕ್ಸ್ ಬಿಸಿಯಾದಾಗ ಅದನ್ನು ತಾಳಿಕೊಳ್ಳುವುದು ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್).

● ಎಂಜಿನ್ ಆಯಿಲ್ ಸ್ವಲ್ಪಸ್ವಲ್ಪ ಉರಿದು ಕಡಿಮೆಯಾಗುವುದುಂಟು. ಎಟಿಎಫ್ ಹಾಗೆ ಖರ್ಚಾಗುವುದಿಲ್ಲ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ. ಮೊದಲು ಸೋರಿಕೆ ಹುಡುಕಿ, ಆಮೇಲೆ ಎಣ್ಣೆ ಹಾಕಿ.

● ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ಕಾರಿಗಲ್ಲ, ಹಡಗಿಗೆ. ಜರ್ಮನಿಯ ಎಂಜಿನಿಯರ್ ಹರ್ಮನ್ ಫೋಟಿಂಗರ್ 1905ರಲ್ಲಿ ಇದರ ಪೇಟೆಂಟ್ ಪಡೆದರು.

● 1970ರ ದಶಕದ ಆರಂಭದವರೆಗೂ ಅಮೆರಿಕದ ಎಟಿಎಫ್‌ಗಳಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕಾನೂನು ಅದನ್ನು ನಿಷೇಧಿಸಿದ ಮೇಲೆ ಬೇರೆ ರಾಸಾಯನಿಕಗಳು ಬಂದವು.

● ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಭಾರತಕ್ಕೆ ತಂದ ಎಎಂಟಿಯ ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಗೇರಿನ ಬದಲು ಬೆಲ್ಟಿನಿಂದ ನಡೆಯುವ ಸಿವಿಟಿಗೆ ಸಿವಿಟಿಯ ಎಣ್ಣೆಯೇ ಆಗಬೇಕು, ಎರಡು ಕ್ಲಚ್ಚಿನ ಡಿಸಿಟಿಗೆ ಅದರದೇ ಬೇರೆ. ಒಂದರದ್ದು ಇನ್ನೊಂದಕ್ಕೆ ಸುರಿದರೆ ಗೇರ್‌ಬಾಕ್ಸೇ ಹಾಳು.

● ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಇರುವ ಕಾರಾದರೆ ಎಟಿಎಫ್ ಮಟ್ಟವನ್ನು ಮನೆಯಲ್ಲೇ ನೋಡಬಹುದು. ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗ ಬೇಕು; ಗೇಟಿನ ಬಳಿಯ ಇಳಿಜಾರು ಆಗದು. ಕಾರು ಒಂದಷ್ಟು ಓಡಿಸಿ ಎಣ್ಣೆ ಬಿಸಿಯಾಗಲಿ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ ಎಲ್ಲ ಗೇರುಗಳಿಗೂ ಒಮ್ಮೆ ಹಾಕಿ ‘ಪಿ’ಗೆ ತನ್ನಿ. ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗಿಳಿಸಿ, ಮತ್ತೆ ಎಳೆದು ‘ಹಾಟ್’ ಗೆರೆ ನೋಡಿ. ಒರೆಸುವ ಬಟ್ಟೆ ನೂಲು ಬಿಡದಂತಿರಲಿ. ಒಂದು ಎಳೆ ಒಳಗೆ ಹೋದರೂ ಸೂಕ್ಷ್ಮ ವಾಲ್ವ್‌ಗಳಿಗೆ ತೊಂದರೆ.

● ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಚಾಲೂ ಇರುವಾಗಲೇ ಎಟಿಎಫ್ ನೋಡಬೇಕು. ಹೋಂಡಾದ ಹಲವು ಹಳೆಯ ಆಟೊಮ್ಯಾಟಿಕ್‌ಗಳಲ್ಲಿ ಮಾತ್ರ ಎಂಜಿನ್ ನಿಲ್ಲಿಸಿದ ಕೂಡಲೇ ನೋಡಬೇಕು. ಕಾರಿನ ಕೈಪಿಡಿಯ ಮಾತೇ ಅಂತಿಮ.

● ಹೊಸ ಕಾರುಗಳಲ್ಲಿ ಬಹುಪಾಲಿಗೆ ಈ ಡಿಪ್‌ಸ್ಟಿಕ್ ಇಲ್ಲ. ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರ್‌ನಲ್ಲಿ ನೋಡುತ್ತ, ಕಾರಿನಡಿಯ ಪ್ಲಗ್ ಬಿಚ್ಚಿ ಮಟ್ಟ ಅಳೆಯಬೇಕು. ಇದು ವರ್ಕ್‌ಶಾಪಿನ ಕೆಲಸ. ಬರೀ ಜಾಕಿಯ ಮೇಲೆ ನಿಂತ ಕಾರಿನಡಿ ನುಗ್ಗಬೇಡಿ.

● ಕಡಿಮೆಯಂತೆ ಹೆಚ್ಚೂ ಕೆಟ್ಟದ್ದೇ. ಮಟ್ಟ ಮೀರಿದ ಎಣ್ಣೆಯನ್ನು ತಿರುಗುವ ಗೇರುಗಳು ಕಡೆಯುತ್ತವೆ. ನೊರೆ ಎದ್ದರೆ ಒತ್ತಡ ಬೀಳುತ್ತದೆ, ಗೇರು ಜಾರುತ್ತದೆ. ಸಣ್ಣ ಫನೆಲ್‌ನಲ್ಲಿ ಸ್ವಲ್ಪಸ್ವಲ್ಪವೇ ಹಾಕಿ, ಪ್ರತಿ ಸಲ ಅಳೆಯಿರಿ.

● ಬೇರೆ ಎಣ್ಣೆಗಳ ನಡುವೆ ಗುರುತು ಸಿಗಲೆಂದೇ ಹೆಚ್ಚಿನ ಎಟಿಎಫ್‌ಗಳಿಗೆ ಕೆಂಪು ಬಣ್ಣ ಬೆರೆಸುತ್ತಾರೆ. ಕಂದು ಬಣ್ಣದ ಜೊತೆ ಸುಟ್ಟ ವಾಸನೆಯೂ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸವೆದಿರಬಹುದು.

● ಹಾಲು ಬೆರೆಸಿದಂಥ ಗುಲಾಬಿ ಬಣ್ಣವಾದರೆ ನೀರೋ ಕೂಲೆಂಟೋ ಸೇರಿದೆ. ಕಡಬ ಬಳಿಯ ಹೊಸ್ಮಠದ ಹಳೆಯ ಸೇತುವೆ ಮಳೆಗಾಲದಲ್ಲಿ ಮುಳುಗುತ್ತಿದ್ದುದು ಊರವರಿಗೆ ಗೊತ್ತು. ಅಂಥ ನೆರೆನೀರಿಗೆ ಕಾರು ಇಳಿಸಿದರೆ ಗೇರ್‌ಬಾಕ್ಸಿನ ಗಾಳಿಕಿಂಡಿಯಿಂದ ನೀರು ಒಳಸೇರಬಹುದು. ಆಗ ಕಾರು ಓಡಿಸಲೇಬೇಡಿ.

● ಟಾರ್ಕ್ ಕನ್ವರ್ಟರ್ ಗಾಡಿಯ ಡ್ರೇನ್ ಪ್ಲಗ್ ಬಿಚ್ಚಿದರೆ ಎಣ್ಣೆ ಪೂರ್ತಿ ಬರುವುದಿಲ್ಲ. ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಒಳಗೇ ಉಳಿಯುತ್ತದೆ. ಎಷ್ಟು ಹೊರಬಂತೆಂದು ಅಳೆದು, ಮೊದಲಿಗೆ ಅಷ್ಟೇ ತುಂಬಿಸಿ.

● ಘಾಟಿಯಲ್ಲಿ ಕೆಟ್ಟುನಿಂತ ಆಟೊಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತರೆ ಎಣ್ಣೆಯ ಪಂಪೂ ನಿಲ್ಲುತ್ತದೆ, ಗೇರುಗಳು ಒಣಗಿಯೇ ತಿರುಗುತ್ತವೆ. ಫ್ಲಾಟ್‌ಬೆಡ್ ಲಾರಿಯೇ ಸರಿ.

● ತೆಗೆದ ಎಣ್ಣೆ ಭಾರತದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ತೋಟದ ಕಣಿಗೆ ಚೆಲ್ಲಿದರೆ ಮಳೆನೀರಿನೊಂದಿಗೆ ತೋಡಿಗೆ, ಅಲ್ಲಿಂದ ಹೊಳೆಗೆ ಸೇರುತ್ತದೆ. ಕ್ಯಾನಿನಲ್ಲಿ ತುಂಬಿ, ಬಳಸಿದ ಎಣ್ಣೆ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ.

ಮಟ್ಟ ನೋಡುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ, ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚು ದೊಡ್ಡದು. ಮುಂದಿನ ಸಲ ಘಟ್ಟ ಹತ್ತುವ ಮೊದಲು ಕೈಪಿಡಿ ತೆರೆದು, ನಿಮ್ಮ ಕಾರಿನ ಗೇರ್‌ಬಾಕ್ಸ್ ಯಾವುದು, ಅದರ ಎಣ್ಣೆ ಯಾವುದು ಎಂದು ನೋಡಿಕೊಳ್ಳಿ.